ಗುಲಾಬಿ ಬಸ್ಸಿನ ಭಕ್ತರಿಗೆ ಒಂದೆರಡು ಮಾತು

ಒಂದು ನಾಟಕದಲ್ಲಿ 'ಅಬ್ಬಾ' ಹಾಡು ಇಲ್ಲ ಅಂತ ಜನ ಎಷ್ಟು ವರ್ಷ ಗೋಳಾಡಬಹುದು? (ಅಬ್ಬಾ ಅಂದ್ರೆ ಉದ್ಗಾರ ಅಲ್ಲ ಮಾರಾಯ್ರೆ, ಸ್ವೀಡನ್ನಿನ ಹಾಡುಗಾರರ ತಂಡ.) ಸಿಡ್ನಿಯಲ್ಲಿ 2006ರಲ್ಲಿ ಶುರುವಾದ ಗೋಳು ಇದು. ಈಗಲೂ ಆ ನಾಟಕದ ಮಾತೆತ್ತಿದರೆ ಸಾಕು, ಎದುರಿಗಿದ್ದೋರ ಮೊದಲ ಮಾತು ಅದೇ. "ಚೆನ್ನಾಗಿದೆ, ಆದ್ರೆ ಸಿನಿಮಾದಲ್ಲಿದ್ದ ಅಬ್ಬಾ ಇಲ್ವಲ್ಲ..." ಕೇಳಿ ಕೇಳಿ ಸಾಕಾಗಿದೆ. ಇವತ್ತು ಈ ಅಭಿಮಾನಿಗಳ ಜೊತೆ ಸ್ವಲ್ಪ ಜಗಳ ಆಡೋಣ ಅಂತಲೇ ಕುಟ್ಟೋಕೆ ಕೂತಿದ್ದೀನಿ.

ಗೊತ್ತಿಲ್ಲದವರಿಗೆ ಹಿನ್ನೆಲೆ. 'ಪ್ರಿಸಿಲ್ಲಾ, ಕ್ವೀನ್ ಆಫ್ ದಿ ಡೆಸರ್ಟ್' ಅಂತ ಒಂದು ಆಸ್ಟ್ರೇಲಿಯನ್ ಸಿನಿಮಾ, ಸ್ಟೀಫನ್ ಎಲಿಯಟ್ ನಿರ್ದೇಶಿಸಿದ್ದು, 1994ರದ್ದು. ಇಬ್ಬರು ಡ್ರ್ಯಾಗ್ ಕಲಾವಿದರು ಮತ್ತು ಅವರ ಜೊತೆ ಒಬ್ಬ ಹಿರಿಯ ಟ್ರಾನ್ಸ್ ಹೆಂಗಸು, ಮೂರೂ ಜನ ಒಂದು ಹಳೇ ಬಸ್ಸು ಹತ್ತಿ ಸಿಡ್ನಿಯಿಂದ ಆಲಿಸ್ ಸ್ಪ್ರಿಂಗ್ಸಿಗೆ ಪ್ರದರ್ಶನ ಕೊಡೋಕೆ ಹೊರಡ್ತಾರೆ. ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದಾರಿ, ಬಹುಪಾಲು ಕೆಂಪು ಮಣ್ಣಿನ ಬಟಾಬಯಲು. ಬಸ್ಸಿನ ಹೆಸರೇ ಪ್ರಿಸಿಲ್ಲಾ. ಡ್ರ್ಯಾಗ್ ಅಂದ್ರೆ, ಸಾಮಾನ್ಯವಾಗಿ, ಗಂಡಸರು ಭರ್ಜರಿ ಹೆಣ್ಣುವೇಷ ಕಟ್ಟಿ, ರೆಕಾರ್ಡಿನ ಹಾಡಿಗೆ ತುಟಿ ಆಡಿಸಿ ಕುಣಿದು, ಎದುರು ಕೂತವರ ಕಾಲೆಳೆದು ನಗಿಸೋ ಕಲೆ. ಅಲ್ಲಿ ವೇಷ ಯಾವತ್ತೂ ಹದಕ್ಕೆ ಸಿಗಲ್ಲ. ಅತಿಯೇ ಅದರ ಹದ.

ಆ ಸಿನಿಮಾ 2006ರ ಅಕ್ಟೋಬರಿನಲ್ಲಿ ಸಿಡ್ನಿಯ ಲಿರಿಕ್ ಥಿಯೇಟರಿನಲ್ಲಿ ಸಂಗೀತನಾಟಕವಾಗಿ ಸ್ಟೇಜ್ ಹತ್ತಿತು. ಸೈಮನ್ ಫಿಲಿಪ್ಸ್ ನಿರ್ದೇಶನ. ಆಗ ನಾನು ಸಿಡ್ನಿಗೆ ಬಂದು ವರ್ಷ ತುಂಬಿರಲಿಲ್ಲ, ಆಫೀಸಿನವರ ಜೊತೆ ಹೋಗಿದ್ದೆ. ನಮ್ಮ ಗುಬ್ಬಿ ಕಂಪನಿಯವರು 'ಕುರುಕ್ಷೇತ್ರ'ಕ್ಕೆ ಸ್ಟೇಜಿನ ಮೇಲೆ ಆನೆ ತಂದಿದ್ದರು ಅಂತ ದೊಡ್ಡವರು ಹೇಳೋದನ್ನ ಕೇಳಿ ಬೆಳೆದವನು ನಾನು. ಇಲ್ಲಿ ಬಸ್ಸನ್ನೇ ತಂದು ನಿಲ್ಲಿಸಿದ್ದರು. ಅದು ಗಿರಗಿರ ತಿರುಗುತ್ತೆ, ಮೈತುಂಬ ದೀಪ. ಮೇಲಿಂದ ಮೂವರು ಗಾಯಕಿಯರು ಹಗ್ಗದಲ್ಲಿ ಇಳಿದು ಬಂದು ಗಾಳಿಯಲ್ಲಿ ತೇಲ್ತಾ ಹಾಡ್ತಾರೆ, ಕೆಳಗೆ ವೇಷಧಾರಿಗಳು ಆ ಹಾಡಿಗೆ ತುಟಿ ಆಡಿಸ್ತಾರೆ. ಉಡುಪುಗಳ ಬಗ್ಗೆ ಏನು ಹೇಳಲಿ! ಸಿನಿಮಾಕ್ಕೆ ಉಡುಪು ಮಾಡಿ ಆಸ್ಕರ್ ಗೆದ್ದ ಟಿಮ್ ಚಾಪೆಲ್ ಮತ್ತು ಲಿಜ್ಜಿ ಗಾರ್ಡಿನರ್ ಜೋಡಿಯೇ ನಾಟಕಕ್ಕೂ ಮಾಡಿದ್ದು. ಅದಕ್ಕೆ 2011ರಲ್ಲಿ ನ್ಯೂಯಾರ್ಕಿನ ಟೋನಿ ಪ್ರಶಸ್ತಿಯೂ ಬಂತು. ಒಂದು ಹಾಡಿನಲ್ಲಿ ಕುಣಿಯೋರೆಲ್ಲ ಕೇಕಿನ ವೇಷದಲ್ಲೇ ಬರ್ತಾರೆ. ಕಂಪನಿ ನಾಟಕದ ಕಾಲವಾಗಿದ್ದರೆ ಖಂಡಿತ ವನ್ಸ್ ಮೋರ್ ಬೀಳ್ತಿತ್ತು.

ಹೀಗಾಗಿ ಈ ನಾಟಕ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ನನಗಿಷ್ಟ. ನನ್ನ ತಕರಾರು ಪೂರ್ತಿ ಅಭಿಮಾನಿಗಳ ಮೇಲೆ.

ಮೊದಲನೇ ಗುಂಪು, ಸಿನಿಮಾದ ಕಟ್ಟಾ ಭಕ್ತರು. ಇವರೇ ಅಬ್ಬಾಕ್ಕಾಗಿ ಅತ್ತೋರು. ಸಿನಿಮಾದ ಕೊನೆಗೆ 'ಮಮ್ಮಾ ಮಿಯಾ' ಹಾಡಿನ ಮೇಲೊಂದು ಅದ್ಭುತ ಪ್ರದರ್ಶನ ಇದೆ. ಆದರೆ ನಾಟಕ ಬರೋ ಹೊತ್ತಿಗೆ ಅಬ್ಬಾ ಹಾಡುಗಳಿಂದಲೇ ಹೆಣೆದ 'ಮಮ್ಮಾ ಮಿಯಾ' ಅನ್ನೋ ಇನ್ನೊಂದು ಸಂಗೀತನಾಟಕ 1999ರಿಂದಲೇ ಓಡ್ತಾ ಇತ್ತು. ಹಾಗಾಗಿ ಇವರು ಅಬ್ಬಾ ಬಿಟ್ಟು ತಮ್ಮೂರ ಹುಡುಗಿ ಕೈಲಿ ಮಿನೋಗ್ ಹಾಡುಗಳನ್ನ ತಂದರು. ಶುರುವಾಯ್ತು ನೋಡಿ ರಗಳೆ. 2011ರಲ್ಲಿ ಬ್ರಾಡ್‌ವೇಗೆ ಹೋದಾಗ ಅಮೆರಿಕದವರಿಗಾಗಿ ಕೈಲಿ ಜಾಗಕ್ಕೆ ಮಡೋನಾ ಬಂದಳು. ಆಗ, ಕೈಲಿ ಯಾಕೆ ಅಂತ ಜಗಳಾಡಿದ್ದವರೇ ಕೈಲಿಯನ್ನ ಯಾಕೆ ತೆಗೆದಿರಿ ಅಂತ ಜಗಳ ಶುರು ಮಾಡಿದರು :-)

ಹಾಡಿಗಾಗಿ ಜಗಳ ಆಡೋದು ತಪ್ಪಲ್ಲ ಬಿಡಿ. ಹಾಡು ಅಂದ್ರೆ ಬರೀ ರಾಗ ಅಲ್ಲ, ಮೊದಲು ಕೇಳಿದಾಗ ಎಲ್ಲಿದ್ವಿ, ಯಾರ ಜೊತೆ ಇದ್ವಿ ಅನ್ನೋದೆಲ್ಲ ಅದಕ್ಕೆ ಅಂಟಿಕೊಂಡಿರುತ್ತೆ. ತನ್ನಂಥವರನ್ನ ಪರದೆಯ ಮೇಲೆ ಮೊದಲ ಸಲ ನೋಡಿ ಉಸಿರು ಬಿಟ್ಟವನಿಗೆ ಆ ಹಾಡು ಬೇಕೇ ಬೇಕು. ಒಪ್ಪಿದೆ. ಆದರೆ ಹಾಡು ಬದಲಾಗಿದ್ದು ಕಂಡ ಈ ಸೂಕ್ಷ್ಮ ಕಣ್ಣುಗಳಿಗೆ ಬದಲಾಗದೇ ಉಳಿದದ್ದು ಯಾಕೆ ಕಾಣಲಿಲ್ಲ?

ಸಿಂಥಿಯಾ ಅಂತ ಒಂದು ಪಾತ್ರ ಇದೆ. ಬಯಲುಸೀಮೆಯ ಒಬ್ಬ ಮೆಕ್ಯಾನಿಕ್ ಬಾಬ್, ಅವನ ಫಿಲಿಪ್ಪೀನ್ಸ್ ಹೆಂಡತಿ ಇವಳು. ಅರೆಬರೆ ಇಂಗ್ಲಿಷು, ಕುಡಿತ, ಕಿರುಚಾಟ, ಆಮೇಲೆ ಹಳ್ಳಿ ಗಂಡಸರ ಮುಂದೆ ಪಿಂಗ್‌ಪಾಂಗ್ ಚೆಂಡುಗಳ ಒಂದು ಅಶ್ಲೀಲ ಆಟ. ಅಷ್ಟೇ ಅವಳು. ಸಿನಿಮಾ ಬಂದ ಕಾಲದಲ್ಲೇ ಇದು ಜನಾಂಗೀಯ ಅವಹೇಳನ ಅಂತ ಆಕ್ಷೇಪ ಬಂದಿತ್ತು. ಹನ್ನೆರಡು ವರ್ಷ ಟೈಮಿತ್ತು. ಆದರೂ ನಾಟಕದಲ್ಲಿ ಅವಳು ಹಾಗೇ ಬಂದಳು, ಲಂಡನ್ನಿಗೂ ಹೋದಳು, ಬ್ರಾಡ್‌ವೇಗೂ ಹೋದಳು. ಹಾಡು ಬದಲಾಯಿಸೋಕೆ ಆಗುತ್ತೆ, ಇವಳನ್ನ ಬದಲಾಯಿಸೋಕೆ ಆಗಲ್ವಂತೆ!

ನಾಟಕ ಮಾಡಿದವರ ಮೇಲೆ ನನಗೆ ನೇರವಾಗಿ ಸಿಟ್ಟಿರೋದು ಇದೊಂದು ವಿಷಯಕ್ಕೆ. ಆದರೆ ಅಭಿಮಾನಿಗಳನ್ನ ಕೇಳಿ, "ಅಯ್ಯೋ ತಮಾಷೆ ಕಣ್ರೀ" ಅಂತಾರೆ. ಹತ್ತು ನಿಮಿಷದ ಹಿಂದೆ ಬಣ್ಣದ ವೇಷ ತೊಟ್ಟವರನ್ನ ಊರವರು ಅವಮಾನಿಸಿದಾಗ ಕಣ್ಣೊರೆಸಿಕೊಂಡ ಅದೇ ಥಿಯೇಟರು, ಒಬ್ಬ ಏಷ್ಯಾದ ಹೆಂಗಸಿನ ಇಂಗ್ಲಿಷಿಗೆ ಬಿದ್ದು ಬಿದ್ದು ನಗುತ್ತೆ. ಆ ಥಿಯೇಟರಿನಲ್ಲಿ ನಾನೂ ಕೂತಿದ್ದೆ. ಫೋನಿನಲ್ಲಿ ನನ್ನ 'ವಿ'ಗೂ 'ಡಬ್ಲ್ಯೂ'ಗೂ ವ್ಯತ್ಯಾಸ ಗೊತ್ತಾಗದೆ ಆ ಕಡೆಯವರು ಮೂರು ಸಲ "ಸಾರಿ?" ಅನ್ನೋ ಊರಿನಲ್ಲಿ, ಅದು ನನ್ನ ಕಿವಿಗೆ ತಮಾಷೆಯಾಗಿ ಕೇಳಲಿಲ್ಲ.

ಇನ್ನು ಬರ್ನಡೆಟ್. ಮೂವರಲ್ಲಿ ಹಿರಿಯಳು. ಸಿನಿಮಾದಲ್ಲಿ ಟೆರೆನ್ಸ್ ಸ್ಟ್ಯಾಂಪ್ ಮಾಡಿದ್ದ ಪಾತ್ರ, ನಾಟಕದಲ್ಲಿ ಟೋನಿ ಶೆಲ್ಡನ್ ಸಿಡ್ನಿ, ಲಂಡನ್, ನ್ಯೂಯಾರ್ಕ್ ಅಂತ ವರ್ಷಗಟ್ಟಲೆ ಮಾಡಿದರು. ಸಿಡ್ನಿಯ ಕಿಂಗ್ಸ್ ಕ್ರಾಸಿನಲ್ಲಿ 1960ರ ದಶಕದಲ್ಲಿ ಶುರುವಾದ 'ಲೆ ಗರ್ಲ್ಸ್' ಅನ್ನೋ ನಿಜವಾದ ತಂಡ ಇತ್ತು. ಬರ್ನಡೆಟ್ ಅದರ ಹಳೇ ತಾರೆ ಅಂತ ಕಥೆ. ಅವಳದ್ದು ವೇಷ ಅಲ್ಲ. ಅವಳು ಹೆಂಗಸು. ರಾತ್ರಿ ಶೋ ಮುಗಿದ ಮೇಲೆ ಉಳಿದಿಬ್ಬರು ವೇಷ ಕಳಚ್ತಾರೆ, ಬರ್ನಡೆಟ್ ಬರ್ನಡೆಟ್ಟಾಗೇ ಇರ್ತಾಳೆ. ಹುಡುಗುಬುದ್ಧಿಯ ಆಡಮ್ ಅವಳನ್ನ ಕೆಣಕೋಕೆ ಅವಳು ಬಿಟ್ಟುಬಂದ ಗಂಡು ಹೆಸರು ಹಿಡಿದು ಕೂಗ್ತಾನೆ. ಅವಳ ಮುಖದಲ್ಲಿ ಆಗ ಹಾದುಹೋಗೋ ಗಾಯ ಇದೆಯಲ್ಲ, ಇಡೀ ಕಥೆಯ ಜೀವ ಅಲ್ಲಿದೆ. ಅಭಿಮಾನಿಗಳಿಗೆ ಮಾತ್ರ ಆ ಹೆಸರೇ ಜೋಕು! ಹೊರಗೆ ಬಂದ ಮೇಲೂ ಅವಳನ್ನ 'ಅವನು' ಅಂತಲೇ ಮಾತಾಡ್ತಾರೆ, "ಮೂರು ಗಂಡಸರು ಸೀರೆ ಉಟ್ಟ ಕಥೆ" ಅನ್ನೋ ಥರ. ಮೂರು ಗಂಟೆ ಕೂತು ನೋಡಿದ್ದು ಏನು ಹಾಗಾದ್ರೆ?

ಎರಡನೇ ಗುಂಪು, "ಬರೀ ಮಜಾ ಕಣ್ರೀ" ಅನ್ನೋರು. ಗುಲಾಬಿ ಗರಿಗಳ ಶಾಲು ಕೊರಳಿಗೆ ಸುತ್ತಿಕೊಂಡು, ಗುಂಪು ಗುಂಪಾಗಿ ಬಂದು, ಕೊನೆಗೆ ಎದ್ದು ನಿಂತು ಕುಣಿಯೋರು. ಇವರಿಗೆ ಏನು ಹೇಳಹೋದರೂ ಒಂದೇ ಉತ್ತರ: "ತಲೆ ಮನೇಲಿಟ್ಟು ಬಾ, ಖುಷಿಪಡು." ಕುಣೀಲಿ, ನನ್ನದೇನೂ ಹೋಗಲ್ಲ. ಆದರೆ ಅವರು ಅಷ್ಟು ಪ್ರೀತಿಸೋ ಆ ಬಸ್ಸು ಗುಲಾಬಿ ಆಗಿದ್ದು ಯಾಕೆ ಅಂತ ಒಮ್ಮೆ ಯೋಚನೆ ಮಾಡಿದ್ದಾರಾ?

ಬಸ್ಸು ಹೊರಟಾಗ ಆ ಬಣ್ಣ ಇರಲಿಲ್ಲ. ದಾರಿಯಲ್ಲಿ ಬ್ರೋಕನ್ ಹಿಲ್ ಅಂತ ಗಣಿ ಊರು ಸಿಗುತ್ತೆ. ಮೂವರೂ ಪೂರ್ತಿ ಅಲಂಕಾರದಲ್ಲಿ ಅಲ್ಲಿನ ಬಾರಿಗೆ ಹೋಗ್ತಾರೆ. ಮೊದಲು ಎಲ್ಲರೂ ಗುರಾಯಿಸ್ತಾರೆ, ಒಬ್ಬ ಹೆಂಗಸು ಬೈತಾಳೆ, ಬರ್ನಡೆಟ್ ತಿರುಗಿಸಿ ಒಂದು ಕೊಟ್ಟ ತಕ್ಷಣ ಇಡೀ ಬಾರು ಘೊಳ್ಳನೆ ನಗುತ್ತೆ. ಆಮೇಲೆ ಕುಡಿತ, ಕುಣಿತ, ಗೆಳೆತನ. ಬೆಳಿಗ್ಗೆ ಎದ್ದು ಹೊರಗೆ ಬಂದು ನೋಡಿದರೆ ಬಸ್ಸಿನ ಮೈಮೇಲೆ ದಪ್ಪಕ್ಷರದಲ್ಲಿ ಹೊಲಸು ಬೈಗುಳ. ಸಿನಿಮಾದಲ್ಲಿ ಅದು ಏಡ್ಸ್ ಹೆಸರೆತ್ತಿ ತೊಲಗಿ ಅಂತ ಬರೆದ ಬೈಗುಳ. ನಾಟಕದಲ್ಲಿ ಬ್ರಷ್ಷು ಹಿಡಿದು ಕುಣೀತಾ ಬಸ್ಸಿಗೆ ಬಣ್ಣ ಹೊಡೀತಾರಲ್ಲ, ಅದು ಈ ಬೈಗುಳ ಬಿದ್ದ ಮೇಲೆ. ಥಿಯೇಟರಿನಲ್ಲಿ ಅತಿ ಹೆಚ್ಚು ಚಪ್ಪಾಳೆ ಬೀಳೋ ಜಾಗಗಳಲ್ಲಿ ಅದೂ ಒಂದು. ಅಂದ್ರೆ ಆ ಗುಲಾಬಿ ಬಣ್ಣದ ಅಡಿಯಲ್ಲಿ ಬೈಗುಳ ಇದೆ. ಗುಲಾಬಿ ಶಾಲು ಹೊದ್ದು ಬರೋ ಭಕ್ತರು ಬಣ್ಣಕ್ಕೆ ಕೈ ಮುಗೀತಾರೆ, ಅಡಿಯಲ್ಲಿರೋದನ್ನ ಓದಲ್ಲ.

"ಅದೆಲ್ಲ ಕಥೆಗಾಗಿ ಹಾಕಿದ್ದು" ಅಂತೀರಾ? ಅಲ್ಲ ಸ್ವಾಮಿ. ಈ ಸಿಡ್ನಿಯಲ್ಲೇ 1978ರ ಜೂನ್ 24ರ ರಾತ್ರಿ ಮೊದಲ ಮಾರ್ಡಿ ಗ್ರಾ ಮೆರವಣಿಗೆ ಹೊರಟಾಗ ಪೊಲೀಸರು 53 ಜನರನ್ನ ಹಿಡಿದರು. ಮಾರನೇ ದಿನಗಳಲ್ಲಿ ಅವರ ಹೆಸರುಗಳನ್ನ ಪತ್ರಿಕೆಯಲ್ಲಿ ಛಾಪಿಸಿದರು. ಕೆಲಸ ಕಳಕೊಂಡವರಿದ್ದಾರೆ, ಮನೆಯಿಂದ ಹೊರಬಿದ್ದವರಿದ್ದಾರೆ. ಈ ರಾಜ್ಯದ ಸಂಸತ್ತು ಅದಕ್ಕೆ ಕ್ಷಮೆ ಕೇಳಿದ್ದು 2016ರಲ್ಲಿ! ಗಂಡು ಗಂಡಿನ ಸಂಬಂಧ ಇಲ್ಲಿ 1984ರವರೆಗೂ ಅಪರಾಧವಾಗಿತ್ತು, ಟಾಸ್ಮೇನಿಯಾದಲ್ಲಿ 1997ರವರೆಗೂ. ಅಂದ್ರೆ ಈ ಸಿನಿಮಾ ಬಂದಾಗ ಇದೇ ದೇಶದ ಒಂದು ರಾಜ್ಯದಲ್ಲಿ ಅಂಥವರನ್ನ ಜೈಲಿಗೆ ಹಾಕೋ ಕಾನೂನು ಇನ್ನೂ ಪುಸ್ತಕದಲ್ಲಿತ್ತು.

1987ರಲ್ಲಿ ಟೀವಿಯಲ್ಲಿ ಏಡ್ಸ್ ಬಗ್ಗೆ ಒಂದು ಸರ್ಕಾರಿ ಜಾಹೀರಾತು ಬಂತು. ಕಪ್ಪು ನಿಲುವಂಗಿಯ ಸಾವು ಬೌಲಿಂಗ್ ಚೆಂಡು ಉರುಳಿಸಿ ಗಂಡಸರು, ಹೆಂಗಸರು, ಮಕ್ಕಳನ್ನ ಬೀಳಿಸುತ್ತೆ. ಎಚ್ಚರಿಕೆ ಕೊಡೋದು ಉದ್ದೇಶ, ಆದರೆ ಬಹಳ ಜನ ಆ ಸಾವಿನ ಮುಖವಾಡದ ಹಿಂದೆ ಸಲಿಂಗಿಗಳನ್ನೇ ಕಂಡರು. ಮುಂದಿನ ವರ್ಷ, 1988ರಲ್ಲಿ, 27 ವರ್ಷದ ಒಬ್ಬ ಅಮೆರಿಕನ್ ಗಣಿತಜ್ಞನ ಹೆಣ ಮ್ಯಾನ್ಲಿಯ ಕಡಿದಾದ ಬಂಡೆಗಳ ಕೆಳಗೆ ಸಿಕ್ಕಿತು. ಆತ್ಮಹತ್ಯೆ ಅಂದರು. ಅಣ್ಣ ಸುಮ್ಮನಾಗಲಿಲ್ಲ. 2017ರಲ್ಲಿ, ಮೂರನೇ ವಿಚಾರಣೆಯಲ್ಲಿ, ಅದು ದ್ವೇಷದ ಕೃತ್ಯ ಅಂತ ತೀರ್ಮಾನವಾಯ್ತು. 2023ರಲ್ಲಿ ಒಬ್ಬನಿಗೆ ಶಿಕ್ಷೆಯಾಯ್ತು. ಇಂಥ ಹಳೇ ಸಾವುಗಳನ್ನ ಮತ್ತೆ ಕೆದಕಿ ನೋಡೋಕೆ ರಾಜ್ಯ ಸರ್ಕಾರ ನೇಮಿಸಿದ ವಿಶೇಷ ಆಯೋಗದ ವರದಿ ಬಂದದ್ದೂ 2023ರ ಕೊನೆಗೇ. ಬಸ್ಸಿನ ಮೇಲಿನ ಆ ಅಕ್ಷರಗಳು ಬಂದದ್ದು ಈ ಗೋಡೆಗಳಿಂದ, ಈ ಬಂಡೆಗಳಿಂದ. ತಲೆ ಮನೇಲಿಟ್ಟು ಬಂದವರಿಗೆ ಇದೆಲ್ಲ ಎಲ್ಲಿಂದ ಕಾಣಬೇಕು?

"ಹಾಗಾದ್ರೆ ನಾಟಕದ ನಡುವೆ ಭಾಷಣ ಬೇಕಿತ್ತಾ ನಿಂಗೆ?" ಅಂತ ಒಬ್ಬ ಗೆಳೆಯ ಕೇಳಿದ. ಬೇಡ ಮಾರಾಯ. ಭಾಷಣಕ್ಕಿಂತ ಚೆನ್ನಾಗಿ ನಾಟಕವೇ ಹೇಳಿದೆ. ಅಷ್ಟು ನೋವಿದ್ದೂ ಅಷ್ಟು ಬಣ್ಣ ಹಚ್ಚಿಕೊಂಡು ಕುಣೀತಾರಲ್ಲ, ಆ ಕುಣಿತಕ್ಕೆ ತೂಕ ಬರೋದು ನೋವು ಗೊತ್ತಿದ್ದಾಗ. ನೋವು ತೆಗೆದು ಕುಣಿತ ಮಾತ್ರ ಇಟ್ಟುಕೊಂಡರೆ ಅದು ಮದುವೆಮನೆ ಆರ್ಕೆಸ್ಟ್ರಾ.

ಈಗ ಮೂರನೇ ಗುಂಪು. ನಾವೇ ಸ್ವಾಮಿ, ಸಿಡ್ನಿ ಕನ್ನಡಿಗರು.

2018ರಲ್ಲಿ ನಾಟಕ ಮತ್ತೆ ಊರಿಗೆ ಬಂತು, ಈ ಸಲ ಕ್ಯಾಪಿಟಲ್ ಥಿಯೇಟರಿಗೆ. ನಾವು ನಾಲ್ಕೈದು ಕುಟುಂಬ ಸೇರಿ ಹೋದ್ವಿ. ಆರು ತಿಂಗಳ ಹಿಂದಷ್ಟೇ ಇಡೀ ದೇಶಕ್ಕೆ ಅಂಚೆಯಲ್ಲಿ ಒಂದು ಪ್ರಶ್ನೆ ಕಳಿಸಿದ್ದರು, ಒಂದೇ ಲಿಂಗದವರು ಮದುವೆ ಆಗಬಹುದಾ ಅಂತ. 2017ರ ನವೆಂಬರಿನಲ್ಲಿ ಫಲಿತಾಂಶ ಬಂತು, ಶೇಕಡಾ 61.6 ಜನ ಹೂಂ ಅಂದಿದ್ದರು. ಡಿಸೆಂಬರಿನಲ್ಲಿ ಕಾನೂನೂ ಆಯ್ತು. ಆದರೆ ಪಶ್ಚಿಮ ಸಿಡ್ನಿಯ ಹಲವು ಕ್ಷೇತ್ರಗಳಲ್ಲಿ ಬೇಡ ಅಂದೋರೇ ಹೆಚ್ಚು. ನಮ್ಮ ದೋಸೆ ಹೋಟೆಲುಗಳು, ದೇಸಿ ಅಂಗಡಿಗಳು ತುಂಬಿರೋ ಪ್ಯಾರಮಟ್ಟಾ ಕೂಡ ಬೇಡ ಅಂದಿತ್ತು. ಕಾಗದದ ಮೇಲೆ ಯಾರೂ ಊರು, ಭಾಷೆ ಬರೆದಿರಲಿಲ್ಲ, ಹಾಗಾಗಿ ಆ ಲೆಕ್ಕವನ್ನ ನಮ್ಮವರ ತಲೆಗೆ ಕಟ್ಟಲ್ಲ. ಆದರೆ ಆ ದಿನಗಳಲ್ಲಿ ನಮ್ಮ ಮನೆಗಳ ಊಟದ ಕೂಟಗಳಲ್ಲಿ ಬಿಸಿಬೇಳೆಬಾತಿನ ಪಕ್ಕ ಏನೇನು ಮಾತು ಬಿತ್ತು ಅನ್ನೋದನ್ನ ನನ್ನ ಕಿವಿಯಾರೆ ಕೇಳಿದ್ದೀನಿ. ಅದು ಕಾಯಿಲೆ, ಇದು ಪಾಶ್ಚಾತ್ಯರ ತೀಟೆ, ಮಕ್ಕಳು ಹಾಳಾಗ್ತಾರೆ...

ಅದೇ ಜನ ಕ್ಯಾಪಿಟಲ್ ಥಿಯೇಟರಿನಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶಿಳ್ಳೆ ಹೊಡೆದರು. ವಾಪಸ್ ಬರುವಾಗ ಕಾರಿನಲ್ಲಿ ಒಬ್ಬರು, ಹಿರಿಯರು, ನಾನು ಗೌರವಿಸೋರು, "ಏನ್ ಕಲರ್ರು, ಏನ್ ಡ್ಯಾನ್ಸು! ನಮ್ಮಲ್ಲೂ ಯಕ್ಷಗಾನದಲ್ಲಿ ಸ್ತ್ರೀವೇಷ ಇಲ್ವೇ? ನಾವು ಇವರಿಗಿಂತ ಮುಂಚೆನೇ ಒಪ್ಪಿಕೊಂಡಿದ್ವಿ" ಅಂದರು. ಎರಡು ಸಿಗ್ನಲ್ ದಾಟಿದ ಮೇಲೆ ಅವರೇ, "ಇಂಥದ್ದು ನಮ್ಮನೆ ಮಕ್ಕಳಿಗೆ ಬರದಿದ್ರೆ ಸಾಕಪ್ಪ ದೇವರೇ" ಅಂದರು. ಕಾರಿನಲ್ಲಿ ಎಲ್ಲರೂ ನಕ್ಕರು. ಹಿಂದಿನ ಸೀಟಿನಲ್ಲಿ ಕೂತಿದ್ದ ಒಬ್ಬ ಹುಡುಗ ಮಾತ್ರ ನಗದೆ ಕಿಟಕಿ ಕಡೆ ನೋಡ್ತಾ ಇದ್ದ. ಅವನ ಮನಸ್ಸಿನಲ್ಲಿ ಏನಿತ್ತೋ, ಅದು ಅವನದ್ದು, ನಾನು ಊಹೆ ಮಾಡಲ್ಲ. ಆದರೆ ಅವನಿಗೆ ಹೇಳೋದು ಏನಾದರೂ ಇದ್ದಿದ್ದರೆ, ಆ ಎರಡು ಸಿಗ್ನಲ್ಲಿನ ನಡುವೆ ಅವನ ಬಾಯಿ ಮುಚ್ಚಿಸಿಬಿಟ್ಟರು ಅನ್ನೋದಂತೂ ಖರೆ. "ಎಲ್ಲರ ಮನೆ ಮಕ್ಕಳೂ ನಮ್ಮ ಮಕ್ಕಳೇ ಅಲ್ವಾ ಸಾರ್?" ಅಂದೆ ನಾನು. ಆಮೇಲೆ ಮನೆ ಬರೋವರೆಗೂ ಕಾರಿನಲ್ಲಿ ರೇಡಿಯೋ ಮಾತ್ರ ಮಾತಾಡಿದ್ದು.

ಯಕ್ಷಗಾನದ ಹೆಸರು ಹೇಳಿ ಬೆನ್ನು ತಟ್ಟಿಕೊಳ್ಳೋ ಈ ಚಾಳಿ ಬಗ್ಗೆ ಒಂದು ಮಾತು. ಸ್ತ್ರೀವೇಷ ಕಟ್ಟೋ ಕಲಾವಿದನನ್ನ ನಾವು ಮೆಚ್ಚೋದು ನಿಜ, ಚೌಕಿಯಲ್ಲಿ ವೇಷ ಕಳಚಿ ಗಂಡಸಾಗಿ ಮನೆಗೆ ಹೋಗ್ತಾನೆ ಅನ್ನೋ ಭರವಸೆ ಇರೋವರೆಗೆ. ವೇಷ ಅಲ್ಲ, ಇದೇ ನಾನು ಅಂತ ಯಾರಾದರೂ ಅಂದ ದಿನ ನಮ್ಮ ಮೆಚ್ಚುಗೆ ಎಲ್ಲಿರುತ್ತೆ? ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಪ್ರಶಸ್ತಿ ತಗೊಳ್ಳೋ ಮುಂಚೆ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ನಿವಾಳಿಸಿದರಲ್ಲ, ಆ ವಿಡಿಯೋ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದೇ ದಿನ ಎಷ್ಟು ಸಲ ಬಂತೋ. "ಹೆಮ್ಮೆಯ ಕನ್ನಡತಿ" ಅಂತ ಕೈಮುಗಿದಿದ್ದೇ ಮುಗಿದಿದ್ದು. ಅದೇ ಮಂಜಮ್ಮ ಮನೆಯಿಂದ ದೂರವಾಗಿ, ಭಿಕ್ಷೆ ಬೇಡಿ ಬದುಕಿದ ಕಾಲವನ್ನೂ ತಾವೇ ಹೇಳಿಕೊಂಡಿದ್ದಾರೆ. ಅದನ್ನ ಯಾರೂ ಫಾರ್ವರ್ಡ್ ಮಾಡಲಿಲ್ಲ. ಅಲ್ಲೂ ಅಷ್ಟೇ, ಮೇಲಿನ ಬಣ್ಣ ನಮಗೆ, ಅಡಿಯಲ್ಲಿರೋದು ಅವರಿಗೆ.

"ಅಟ್‌ಲೀಸ್ಟ್ ಚಪ್ಪಾಳೆನಾದ್ರೂ ತಟ್ಟಿದಾರಲ್ಲ, ಅದೇ ಮೊದಲ ಹೆಜ್ಜೆ" ಅನ್ನೋರೂ ಇದ್ದಾರೆ. ಈ ವಾದಕ್ಕೆ ನನಗೆ ಸ್ವಲ್ಪ ಗೌರವ ಇದೆ. ನಗೋದರಿಂದ ಭಯ ಕಮ್ಮಿ ಆಗುತ್ತೆ, ಭಯ ಕಮ್ಮಿ ಆದವರು ನಿಧಾನಕ್ಕೆ ಬದಲಾಗ್ತಾರೆ, ಹಾಗಾದ ಉದಾಹರಣೆಗಳೂ ಇವೆ. ಆದರೆ ಅದು ಹೆಜ್ಜೆ ಆಗಬೇಕಾದರೆ ಕಾಲು ಮುಂದಕ್ಕೆ ಹೋಗಬೇಕಲ್ಲ? 2006ರಲ್ಲೂ ಇದೇ ಚಪ್ಪಾಳೆ, 2018ರಲ್ಲೂ ಇದೇ ಚಪ್ಪಾಳೆ, ಎದ್ದು ನಿಂತ ಜಾಗದಲ್ಲೇ ನಿಂತಿದ್ದಾರೆ!

ಬ್ರೋಕನ್ ಹಿಲ್ಲಿನ ಜನ ಕೂಡ ರಾತ್ರಿ ಚಪ್ಪಾಳೆ ತಟ್ಟಿದ್ದರು ಅನ್ನೋದನ್ನ ಮರೀಬೇಡಿ. ನಕ್ಕಿದ್ದರು, ಜೊತೆಗೆ ಕುಡಿದಿದ್ದರು, ಕುಣಿದಿದ್ದರು. ಬಸ್ಸಿನ ಮೇಲೆ ಬರೆದದ್ದು ಅದೇ ಊರಿನ ಕೈ. ಚಪ್ಪಾಳೆಯನ್ನ ನಂಬಬೇಡಿ ಅಂತ ಆ ನಾಟಕ ತನ್ನ ಪ್ರೇಕ್ಷಕರ ಮುಖಕ್ಕೇ ಹೇಳುತ್ತೆ, ಪ್ರೇಕ್ಷಕರು ಅದಕ್ಕೂ ಚಪ್ಪಾಳೆ ತಟ್ಟಿ ಮನೆಗೆ ಹೋಗ್ತಾರೆ. ಇದಕ್ಕಿಂತ ದೊಡ್ಡ ತಮಾಷೆ ಇಡೀ ನಾಟಕದಲ್ಲಿಲ್ಲ.

ಹಾಗಾಗಿ ಪ್ರಿಸಿಲ್ಲಾ ಭಕ್ತರೇ, ಹೋಗಿ, ನೋಡಿ, ಶಿಳ್ಳೆ ಹೊಡೀರಿ, ಬೇಕಾದ್ರೆ ಗುಲಾಬಿ ಶಾಲೂ ಹೊದ್ದುಕೊಳ್ಳಿ. ಅಬ್ಬಾಕ್ಕಾಗಿ ಇನ್ನಿಪ್ಪತ್ತು ವರ್ಷ ಅಳಿ. ಆದರೆ ಬರ್ನಡೆಟ್ಟನ್ನ 'ಅವಳು' ಅನ್ನಿ. ಸಿಂಥಿಯಾ ಬಂದಾಗ ಪಕ್ಕದ ಸೀಟಿನಲ್ಲಿ ಯಾರು ನಗ್ತಿಲ್ಲ ಅಂತ ಒಮ್ಮೆ ನೋಡಿ. ಹೊರಗೆ ಬಂದ ಮೇಲೆ ಕಾರಿನಲ್ಲಿ ಏನು ಮಾತಾಡ್ತೀರಿ ಅನ್ನೋದರ ಮೇಲೆ ನಿಗಾ ಇರಲಿ, ಹಿಂದಿನ ಸೀಟಿನಲ್ಲಿ ಯಾರೋ ಕೇಳಿಸಿಕೊಳ್ತಾ ಇರ್ತಾರೆ. ಟಿಕೆಟ್ಟಿಗೆ ನೂರಾರು ಡಾಲರ್ ಕೊಟ್ಟವರಿಗೆ ಇಷ್ಟು ಕಷ್ಟ ಆಗಬಾರದು.

ಬ್ಲಾಗಿಗ ಮಿತ್ರರೇ, ನಿಮ್ಮಲ್ಲಿ ಈ ನಾಟಕ ನೋಡಿದೋರು ಇದ್ದೀರಿ, ಸಿನಿಮಾ ನೋಡಿದೋರಂತೂ ಬಹಳ ಇದ್ದೀರಿ. ನಾನು ಹೇಳಿದ್ದು ಅತಿ ಅನ್ನಿಸಿದರೆ ಕೆಳಗೆ ಧಾರಾಳವಾಗಿ ಬೈಯಿರಿ, ಒಂದನ್ನೂ ಅಳಿಸಲ್ಲ. ಆದರೆ "ಬರೀ ಮಜಾ ಕಣ್ರೀ" ಅಂತ ಮಾತ್ರ ಬರೀಬೇಡಿ. ಆ ಮಾತಿಗೆ ನನ್ನ ಹತ್ತಿರ ಇದ್ದ ತಾಳ್ಮೆ ಮುಗಿದಿದೆ.